ಗಾಡಿಯ ವಾರಂಟಿ: ಮಾತು ಕೊಟ್ಟವರು ಯಾರು, ಹೊಣೆ ಹೊರುವವರು ಯಾರು?

ಕಾರು ಕೊಂಡವರ ಕಷ್ಟವನ್ನು ಕುರಿತು ದುಡಿಯುವ ಜನರ ಪತ್ರಿಕೆ ಬರೆಯಬೇಕೇ ಎಂದು ನಮ್ಮ ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಕಾರೆಂಬುದು ಸಿರಿವಂತರ ಮನೆಯ ಮುಂದೆ ಮಾತ್ರ ನಿಲ್ಲುತ್ತಿದ್ದ ಕಾಲದಲ್ಲಿ ಆ ಪ್ರಶ್ನೆಗೆ ಅರ್ಥವಿತ್ತು. ಆ ಕಾಲ ಹೋಗಿ ಬಹಳ ದಿನಗಳಾದವು. ನಸುಕಿನಲ್ಲಿ ತರಕಾರಿ ಮಂಡಿಯ ಮುಂದೆ ನಿಂತು ನೋಡಿರಿ. ಅಲ್ಲಿ ಸಾಲುಗಟ್ಟಿ ನಿಂತಿರುವ ಸಣ್ಣ ಗೂಡ್ಸ್ ಗಾಡಿಗಳು ಯಾವ ಸಾಹುಕಾರನವೂ ಅಲ್ಲ. ಅಂಗಡಿಗೆ ಸರಕು ತರಲೆಂದು ದಿನಸಿ ವ್ಯಾಪಾರಿ ಸಾಲ ಮಾಡಿ ಕೊಂಡದ್ದು, ಅಣ್ಣತಮ್ಮಂದಿರು ಮನೆಯ ಒಡವೆ ಒತ್ತೆಯಿಟ್ಟು ತಂದದ್ದು. ಬಸ್ ನಿಲ್ದಾಣದ ಹೊರಗೆ ನಿಂತಿರುವ ಟ್ಯಾಕ್ಸಿಗಳಲ್ಲಿ ಗಿರಣಿಯಿಂದ ನಿವೃತ್ತನಾದ ಕಾರ್ಮಿಕ ಪ್ರಾವಿಡೆಂಟ್ ಫಂಡಿನ ಹಣ ಸುರಿದು ಮಗನ ಕೈಗೆ ಕೊಟ್ಟವೂ ಇವೆ. ಇವರ ಪಾಲಿಗೆ ಗಾಡಿ ಶೋಕಿಯ ವಸ್ತುವಲ್ಲ. ಅದು ಓಡಿದರೆ ಒಲೆ ಉರಿಯುತ್ತದೆ, ನಿಂತರೆ ಆರುತ್ತದೆ. ಆದ್ದರಿಂದ ಈ ವಾರದ ಮಾತು ಗಾಡಿಯ ಮಾತೇ.

ಕೊಳ್ಳುವ ದಿನದ ಸಂಭ್ರಮ ಎಲ್ಲರಿಗೂ ಗೊತ್ತು. ಷೋರೂಮಿನಲ್ಲಿ ಗಾಡಿಗೆ ಹಾರ ಹಾಕುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಮನೆಯವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. “ವಾರಂಟಿ ಇದೆ ಯಜಮಾನ್ರೇ, ನಿಮಗ್ಯಾಕೆ ಯೋಚನೆ? ಏನೇ ಆದ್ರೂ ಗಾಡಿ ತಂದು ನಿಲ್ಲಿಸಿ, ಮಿಕ್ಕಿದ್ದು ನಮ್ಮ ಜವಾಬ್ದಾರಿ” ಎಂಬ ಅಭಯವೂ ಸಿಗುತ್ತದೆ. ಈ ಅಭಯದ ಬೆಲೆ ಗಾಡಿಯ ಬೆಲೆಯಲ್ಲೇ ಸೇರಿದೆ ಎಂಬುದನ್ನು ಓದುಗರು ಮರೆಯಬಾರದು. ವಾರಂಟಿ ಕಂಪನಿ ಮಾಡುವ ದಾನವಲ್ಲ. ನಾವು ಹಣ ಕೊಟ್ಟು ಕೊಂಡ ಸರಕು. ಬೆಲ್ಲ ಕೊಂಡವನಿಗೆ ತೂಕದಲ್ಲಿ ಕಡಿಮೆ ಕೊಟ್ಟರೆ ಹೇಗೆ ಮೋಸವೋ, ವಾರಂಟಿ ಕೊಂಡವನಿಗೆ ರಿಪೇರಿ ಮಾಡಿಕೊಡದಿದ್ದರೂ ಹಾಗೆಯೇ ಮೋಸ.

ಆರು ತಿಂಗಳು ಕಳೆಯಲಿ. ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಗೇರು ಹಾಕುವಾಗ ಕರಕರ ಶಬ್ದ. ಮಾಲೀಕ ಅಧಿಕೃತ ವರ್ಕ್‌ಷಾಪಿಗೆ ಒಯ್ಯುತ್ತಾನೆ. ಎರಡು ದಿನ ಇಟ್ಟುಕೊಂಡು, “ಓಡಿಸಿ ನೋಡಿದೆವು, ಏನೂ ದೋಷ ಕಾಣಲಿಲ್ಲ” ಎನ್ನುತ್ತಾರೆ. ಗಾಡಿ ಮನೆಗೆ ಬರುತ್ತದೆ, ಶಬ್ದವೂ ಜೊತೆಗೇ ಬರುತ್ತದೆ. ಎರಡನೆಯ ಸಲ ಕ್ಲಚ್ ಪ್ಲೇಟು ಸವೆದಿದೆ ಎನ್ನುತ್ತಾರೆ. ಸವೆಯುವ ಭಾಗ ವಾರಂಟಿಗೆ ಸೇರುವುದಿಲ್ಲ, ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುತ್ತೀರಿ, ತಪ್ಪು ನಿಮ್ಮದೇ. ಮೂರನೆಯ ಸಲ ಗೇರ್‌ಬಾಕ್ಸಿನಲ್ಲೇ ದೋಷವಿದೆ ಎಂದು ಒಪ್ಪುತ್ತಾರೆ. ಆದರೆ ಬಿಡಿಭಾಗ ಬಂದಿಲ್ಲ. ಅದಕ್ಕೆ ಕಂಪನಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಅಧಿಕಾರಿ ಬೆಂಗಳೂರಿನಿಂದ ಬರಬೇಕು. ಅವರು ಮುಂದಿನ ವಾರ ಬಂದರೂ ಬರಬಹುದು. ನಮ್ಮ ಪೇಟೆಯ ಒಬ್ಬ ವ್ಯಾಪಾರಿ ಹೀಗೆ ಕಾದು ಕಾದು, ಕೊನೆಗೆ ದಿನಬಾಡಿಗೆಗೆ ಬೇರೆ ಗಾಡಿ ಹಿಡಿದು ಸರಕು ತರಬೇಕಾಯಿತು. ಒಂದು ಕಡೆ ಓಡುವ ಗಾಡಿಗೆ ಬಾಡಿಗೆ, ಇನ್ನೊಂದು ಕಡೆ ನಿಂತ ಗಾಡಿಗೆ ತಿಂಗಳ ಕಂತು. ಗಾಡಿ ಓಡಿತೋ ನಿಂತಿತೋ ಎಂದು ಫೈನಾನ್ಸಿನವರು ಕೇಳುವುದಿಲ್ಲ. ತಾರೀಖು ಬಂದರೆ ಬ್ಯಾಂಕಿನ ಖಾತೆಯಿಂದ ಹಣ ತಾನಾಗಿ ಹೋಗುತ್ತದೆ. ನಷ್ಟದ ಮಾತೆತ್ತಿದಾಗ ಅವನಿಗೆ ವಾರಂಟಿ ಪುಸ್ತಕದ ಒಂದು ಸಾಲನ್ನು ತೋರಿಸಿದರು. ಗಾಡಿ ನಿಂತದ್ದರಿಂದ ಆಗುವ ಯಾವ ನಷ್ಟಕ್ಕೂ ಕಂಪನಿ ಹೊಣೆಯಲ್ಲ ಎಂದು ಅಲ್ಲಿ ಅಚ್ಚಾಗಿತ್ತು.

ಆ ಪುಸ್ತಕವನ್ನು ಸಾವಧಾನವಾಗಿ ಓದುವುದು ಒಳ್ಳೆಯದು. ಅದು ಅಚ್ಚಾಗಿರುವುದು ಇಂಗ್ಲಿಷಿನಲ್ಲಿ. ಸಹಿ ಹಾಕಿದವನಿಗೆ ಬರುವುದು ಕನ್ನಡ. ಕೊಡುವುದೇನೆಂದು ಹೇಳಲು ನಾಲ್ಕು ಸಾಲು, ಕೊಡದಿರುವುದೇನೆಂದು ಹೇಳಲು ಪುಟಗಟ್ಟಲೆ. ಬ್ರೇಕ್ ಷೂ, ಕ್ಲಚ್ ಪ್ಲೇಟು, ಬಲ್ಬುಗಳು ಇವೆಲ್ಲ ಸಾಮಾನ್ಯವಾಗಿ ಸೇರುವುದಿಲ್ಲ. ಟೈರಿಗೆ ಟೈರಿನ ಕಂಪನಿಯನ್ನು ಕೇಳಬೇಕು, ಬ್ಯಾಟರಿಗೆ ಬ್ಯಾಟರಿಯ ಕಂಪನಿಯನ್ನು. ಗೊತ್ತುಮಾಡಿದ ಸರ್ವಿಸು ತಪ್ಪಿಸಿದರೆ, ಹೊರಗೆ ಎಲ್ಲಿಯಾದರೂ ದೀಪವನ್ನೋ ಹಾರ್ನನ್ನೋ ಹಾಕಿಸಿ ತಂತಿ ಕತ್ತರಿಸಿದರೆ, ಹೆಚ್ಚು ಭಾರ ಹೇರಿದರೆ ವಾರಂಟಿಗೆ ಕುತ್ತು. ಉಚಿತ ಸರ್ವಿಸು ಎಂದರೆ ಕೂಲಿ ಮಾತ್ರ ಉಚಿತ; ಎಣ್ಣೆಗೂ ಫಿಲ್ಟರಿಗೂ ಬಿಲ್ಲು ಬರುತ್ತದೆ. ವಾರಂಟಿಯಲ್ಲಿ ಹಾಕಿಕೊಟ್ಟ ಹೊಸ ಭಾಗಕ್ಕೂ ಸಾಮಾನ್ಯವಾಗಿ ಹಳೆಯ ವಾರಂಟಿಯಲ್ಲಿ ಉಳಿದಷ್ಟೇ ದಿನಗಳ ಆಯುಸ್ಸು.

ಇವೆಲ್ಲಕ್ಕಿಂತ ಹರಿತವಾದ ಮಾತು ಇನ್ನೊಂದಿದೆ. ನೋಡಲು ಬಲು ಸಾಧು. ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲೋ ಅದು. ಭಾನುವಾರ ದೇವಸ್ಥಾನಕ್ಕೆ ಮಾತ್ರ ಕಾರು ತೆಗೆಯುವವನಿಗೆ ಕಿಲೋಮೀಟರಿನ ಚಿಂತೆಯಿಲ್ಲ. ದಿನಕ್ಕೆ ೧೦೦ ಕಿಲೋಮೀಟರು ದುಡಿಯುವ ಗಾಡಿ ವರ್ಷಕ್ಕೆ ೩೬,೫೦೦ ಕಿಲೋಮೀಟರು ಓಡುತ್ತದೆ. ಅದರ ವಾರಂಟಿಯ ವರ್ಷಗಳು ಕಾಗದದ ಮೇಲೆ ಇನ್ನೂ ಉಳಿದಿರುವಾಗಲೇ ಕಿಲೋಮೀಟರು ಮುಗಿದುಹೋಗಿರುತ್ತದೆ. ಹೆಚ್ಚು ದುಡಿದವನಿಗೆ ರಕ್ಷಣೆ ಬೇಗ ಮುಗಿಯುವ ಈ ಲೆಕ್ಕವನ್ನು ಕಂಡುಹಿಡಿದವನು ಜಾಣನೇ ಇರಬೇಕು.

ಇನ್ನು ಡೀಲರಿನ ವಿಷಯ. ಅವನನ್ನು ಕಳ್ಳನೆಂದು ಬೈದು ಮನೆಗೆ ಬಂದರೆ ಮನಸ್ಸಿಗೆ ಸಮಾಧಾನ ಸಿಗಬಹುದು, ಗಾಡಿ ಸರಿಹೋಗುವುದಿಲ್ಲ. ಹಣ ಯಾವ ದಾರಿಯಲ್ಲಿ ಹರಿಯುತ್ತದೆಂದು ನೋಡಬೇಕು. ವಾರಂಟಿ ರಿಪೇರಿಗೆ ಮಾಲೀಕನಿಂದ ಹಣ ಬರುವುದಿಲ್ಲ. ಡೀಲರು ತನ್ನ ಆಳುಗಳಿಂದ ಕೆಲಸ ಮಾಡಿಸಿ, ಕಳಚಿದ ಹಳೆಯ ಭಾಗವನ್ನು ಚೀಟಿ ಕಟ್ಟಿ ಜೋಪಾನವಾಗಿಟ್ಟು, ಕಂಪನಿಗೆ ಕ್ಲೇಮು ಕಳುಹಿಸಿ ಕಾಯಬೇಕು. ಕೂಲಿಯ ದರ ಕಂಪನಿ ಗೊತ್ತುಮಾಡಿದ್ದು. ಕ್ಲೇಮು ತಿರಸ್ಕಾರವಾದರೆ ಖರ್ಚು ಡೀಲರಿನ ತಲೆಗೆ. ಅದೇ ಕೆಲಸಕ್ಕೆ ‘ಸವೆತ’ ಎಂದು ಬರೆದು ಗ್ರಾಹಕನ ಮುಂದೆ ಬಿಲ್ಲು ಹಿಡಿದರೆ ಹಣ ಅಂದೇ ಗಲ್ಲಕ್ಕೆ ಬೀಳುತ್ತದೆ. ಹೀಗಿರುವಾಗ ಜಾಬ್ ಕಾರ್ಡು ಬರೆಯುವ ಸೂಪರ್‌ವೈಸರನ ಪೆನ್ನು ಯಾವ ಕಡೆಗೆ ವಾಲುತ್ತದೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಗಾಡಿಯ ಅಡಿಯಲ್ಲಿ ಮಲಗಿ ಎಣ್ಣೆ ಮೈಯಾಗುವ ಹುಡುಗರದು ಇದರಲ್ಲಿ ಏನೂ ಇಲ್ಲ. ಅವರು ನಮ್ಮ ಕೇರಿಯ, ನಮ್ಮ ಗಿರಣಿಯವರ ಮಕ್ಕಳು. ಸಿಟ್ಟು ಬಂದಾಗ ಅವರ ಮೇಲೆ ಕೂಗಾಡುವ ಮಾಲೀಕರನ್ನು ನಾವು ಕಂಡಿದ್ದೇವೆ, ಅದು ತರವಲ್ಲ.

ಡೀಲರಿಗೂ ಮೇಲೊಬ್ಬ ಧಣಿಯಿದ್ದಾನೆ. ಜನರಲ್ ಮೋಟಾರ್ಸ್ ಕಂಪನಿ ೨೦೧೭ರಲ್ಲಿ ಈ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಫೋರ್ಡ್ ಕಂಪನಿ ೨೦೨೧ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಸರ್ವಿಸು, ಬಿಡಿಭಾಗ ಮುಂದುವರಿಸುತ್ತೇವೆಂದು ಮಾತು ಕೊಟ್ಟರೇನೋ ನಿಜ. ಆದರೆ ಮಾರಲು ಹೊಸ ಕಾರಿಲ್ಲದ ಡೀಲರು ಎಷ್ಟು ದಿನ ಅಂಗಡಿ ತೆರೆದಾನು? ಕಾರ್ಖಾನೆಯ ಕೂಲಿಕಾರ, ಡೀಲರಿನ ಗುಮಾಸ್ತ, ಗಾಡಿಯ ಮಾಲೀಕ, ಈ ಮೂವರಲ್ಲಿ ಒಬ್ಬರನ್ನೂ ಕೇಳದೆ ಆದ ತೀರ್ಮಾನಗಳವು.

ಮಾತು ಕೊಡುವುದು ಕಾರ್ಖಾನೆ, ಮಾರುವುದು ಡೀಲರು. ಮಾತು ತಪ್ಪಿದಾಗ ಯಾರ ಕೊರಳಪಟ್ಟಿ ಹಿಡಿಯಬೇಕು? ಕಂಪನಿಯನ್ನು ಕೇಳಿದರೆ ಡೀಲರಿನ ಹತ್ತಿರ ಹೋಗಿ ಎನ್ನುತ್ತದೆ. ಡೀಲರನ್ನು ಕೇಳಿದರೆ ಕಂಪನಿ ಒಪ್ಪಲಿಲ್ಲ ಎನ್ನುತ್ತಾನೆ. ಈ ಚೆಂಡಾಟಕ್ಕೆ ಕಾನೂನಿನಲ್ಲಿಯೂ ಜಾಗವಿದೆ. ಕಾರ್ಖಾನೆಗೂ ಡೀಲರಿಗೂ ಆಗಿರುವ ಒಪ್ಪಂದದಲ್ಲಿ ಇಬ್ಬರೂ ಸ್ವತಂತ್ರ ವ್ಯಾಪಾರಿಗಳು. ಕಾರ್ಖಾನೆ ಡೀಲರಿಗೆ ಮಾರಿತು, ಡೀಲರು ಗ್ರಾಹಕನಿಗೆ ಮಾರಿದ, ಒಬ್ಬರ ತಪ್ಪಿಗೆ ಇನ್ನೊಬ್ಬರು ಬಾಧ್ಯರಲ್ಲ. ಗೋವಾದ ಗ್ರಾಹಕರೊಬ್ಬರಿಗೆ ಡೀಲರು ೨೦೧೧ರ ಮಾದರಿಯೆಂದು ಹಣ ಪಡೆದು ೨೦೦೯ರ ಕಾರನ್ನು ಕೊಟ್ಟ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೨೧ರಲ್ಲಿ ತೀರ್ಪು ಕೊಟ್ಟಿತು. ಡೀಲರಿನ ಈ ಕೃತ್ಯ ಕಾರ್ಖಾನೆಗೆ ಗೊತ್ತಿತ್ತೆಂಬುದಕ್ಕೆ ಪುರಾವೆಯಿಲ್ಲ, ಆದ್ದರಿಂದ ಟಾಟಾ ಮೋಟಾರ್ಸ್ ಹೊಣೆಯಲ್ಲ ಎಂದಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಷೋರೂಮಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆದಿರುವುದು ಡೀಲರಿನ ಹೆಸರಲ್ಲ, ಕಂಪನಿಯ ಹೆಸರು. ಆ ಹೆಸರನ್ನು ನಂಬಿಯೇ ಜನ ಒಳಗೆ ಹೋಗುತ್ತಾರೆ.

ತಯಾರಿಕೆಯ ದೋಷಕ್ಕೆ ಕಾರ್ಖಾನೆ ಹೊಣೆಯೆಂಬುದು ನಿಜ. ಆದರೆ ದೋಷ ತಯಾರಿಕೆಯದೆಂದು ಸ್ಥಾಪಿಸುವವರು ಯಾರು? ಗ್ರಾಹಕರ ಆಯೋಗ ಗಾಡಿಯನ್ನು ಪರೀಕ್ಷೆಗೆ ಕಳುಹಿಸಬಹುದು, ಅದರ ಶುಲ್ಕವನ್ನು ದೂರು ಕೊಟ್ಟವನೇ ಮೊದಲು ಕಟ್ಟಬೇಕಾಗಿ ಬರಬಹುದು. ದೋಷ ಸ್ಥಾಪಿತವಾದರೂ ಹೊಸ ಗಾಡಿ ಸಿಕ್ಕೀತೆಂಬ ಭರವಸೆಯಿಲ್ಲ. ವಾರಂಟಿಯಲ್ಲಿ ಭಾಗ ಬದಲಿಸುವ ಮಾತು ಮಾತ್ರ ಇದ್ದರೆ ಇಡೀ ಕಾರನ್ನು ಬದಲಿಸಿಕೊಡಲು ಹೇಳುವಂತಿಲ್ಲವೆಂದು ಮಾರುತಿ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೦೬ರಲ್ಲಿ ಹೇಳಿದೆ. ನ್ಯಾಯಾಲಯ ಯಾವಾಗಲೂ ಕಂಪನಿಯ ಕಡೆಗೇ ವಾಲುತ್ತದೆಂದು ನಾವು ಹೇಳುತ್ತಿಲ್ಲ. ೨೦೧೭ರ ಅಪಘಾತವೊಂದರಲ್ಲಿ ಹ್ಯುಂಡೈ ಕಾರಿನ ಏರ್‌ಬ್ಯಾಗು ತೆರೆದುಕೊಳ್ಳಲಿಲ್ಲ. ಅದು ತೆರೆದುಕೊಳ್ಳುವಷ್ಟು ಪೆಟ್ಟು ಬಿದ್ದಿರಲಿಲ್ಲವೆಂದು ಕಂಪನಿ ವಾದಿಸಿತು. ಡಿಕ್ಕಿಯ ವೇಗವನ್ನೂ ಬಲವನ್ನೂ ಲೆಕ್ಕ ಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನೇ ಎಂಬರ್ಥದ ಮಾತಾಡಿ, ಸುಪ್ರೀಂ ಕೋರ್ಟು ೨೦೨೨ರಲ್ಲಿ ಗ್ರಾಹಕನ ಕಡೆಗೇ ತೀರ್ಪು ಕೊಟ್ಟಿತು. ಸಂತೋಷ. ಆದರೆ ನಾಲ್ಕು ವರ್ಷಕ್ಕೂ ಮೇಲೆ ಕಾದು ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ನಮ್ಮ ಸೊಪ್ಪಿನ ವ್ಯಾಪಾರಿಗೆ ಎಲ್ಲಿಂದ ಬರಬೇಕು?

೨೦೧೯ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದಾಗ ದೊಡ್ಡ ಆಸೆ ಹುಟ್ಟಿತ್ತು. ೨೦೨೦ರ ಜುಲೈ ೨೦ರಂದು ಜಾರಿಗೆ ಬಂದ ಈ ಕಾಯ್ದೆಯಲ್ಲಿ ವಸ್ತುವಿನ ಹೊಣೆಗಾರಿಕೆಯೆಂಬ ಹೊಸ ಅಧ್ಯಾಯವೇ ಇದೆ. ತಯಾರಕ ವಾರಂಟಿಯಲ್ಲಿ ಹೇಳಿದಂತೆ ವಸ್ತು ಇಲ್ಲದಿದ್ದರೆ ಅವನೇ ಹೊಣೆ, ತಾನು ಅಲಕ್ಷ್ಯ ಮಾಡಲಿಲ್ಲ, ಮೋಸ ಮಾಡಲಿಲ್ಲ ಎಂದು ಸಾಧಿಸಿದರೂ ಬಿಡುಗಡೆಯಿಲ್ಲ ಎಂದು ೮೪ನೆಯ ಕಲಮು ಹೇಳುತ್ತದೆ. ಓದಿದರೆ ಎದೆ ತುಂಬಿಬರುತ್ತದೆ. ಆದರೆ ಪುಟ ಹಿಂದಕ್ಕೆ ತಿರುವಿ ೨ನೆಯ ಕಲಮಿನಲ್ಲಿ ‘ಹಾನಿ’ ಎಂದರೇನೆಂಬ ವಿವರಣೆಯನ್ನು ನೋಡಿರಿ. ಆ ವಸ್ತುವಿಗೇ ಆದ ಹಾನಿ ಅಲ್ಲಿ ಹಾನಿಯಲ್ಲ, ವ್ಯಾಪಾರದ ನಷ್ಟವೂ ಹಾನಿಯಲ್ಲ. ಗಾಡಿ ಸಿಡಿದು ಪಕ್ಕದ ಅಂಗಡಿ ಸುಟ್ಟರೆ ಈ ಅಧ್ಯಾಯದಲ್ಲಿ ಪರಿಹಾರ ಕೇಳಬಹುದು. ಗಾಡಿ ಕೆಟ್ಟು ತಿಂಗಳು ನಿಂತು ಮಾಲೀಕನ ಸಂಸಾರ ಸುಟ್ಟರೆ ಈ ಅಧ್ಯಾಯದಲ್ಲಿ ದಾರಿಯಿಲ್ಲ. ಅವನು ದೋಷ, ಸೇವೆಯ ಕೊರತೆ ಎಂಬ ಹಳೆಯ ದಾರಿಯಲ್ಲೇ ನಡೆಯಬೇಕು. ಬಲಗೈಯಲ್ಲಿ ಬಡಿಸಿ ಎಡಗೈಯಲ್ಲಿ ಎಲೆ ಎಳೆದುಕೊಳ್ಳುವುದೆಂದರೆ ಇದೇ.

ಹಾಗಾದರೆ ಅಧಿಕೃತ ವರ್ಕ್‌ಷಾಪಿನ ಸಹವಾಸವೇ ಬೇಡ, ನಮ್ಮ ಓಣಿಯ ಗ್ಯಾರೇಜಿಗೆ ಹೋಗೋಣ ಎಂದರೆ? ಅಲ್ಲಿಯೂ ಬೇಲಿ ಹಾಕಿದ್ದಾರೆ. ಹೊರಗೆ ಕೈ ಮುಟ್ಟಿಸಿದರೆ ವಾರಂಟಿ ರದ್ದು ಎಂಬ ಬೆದರಿಕೆ ಒಂದು. ಗ್ಯಾರೇಜಿನವನಿಗೆ ಅಸಲಿ ಬಿಡಿಭಾಗವನ್ನೂ ದೋಷ ಪತ್ತೆಹಚ್ಚುವ ಯಂತ್ರವನ್ನೂ ಕೊಡದಿರುವುದು ಇನ್ನೊಂದು. ಇದು ನಮ್ಮ ಊಹೆಯಲ್ಲ. ಗ್ರಾಹಕರೊಬ್ಬರು ೨೦೧೧ರಲ್ಲಿ ಕೊಟ್ಟ ದೂರಿನ ಮೇಲೆ ವಿಚಾರಣೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗ, ೨೦೧೪ರ ಆಗಸ್ಟ್ ೨೫ರಂದು ೧೪ ಕಾರು ಕಂಪನಿಗಳ ಮೇಲೆ ಈ ಅಪರಾಧಗಳನ್ನು ಹೊರಿಸಿ ಒಟ್ಟು ಸುಮಾರು ೨,೫೪೫ ಕೋಟಿ ರೂಪಾಯಿ ದಂಡ ಹಾಕಿತು. ದೇಶದ ದೊಡ್ಡ ಹೆಸರುಗಳೆಲ್ಲ ಆ ಪಟ್ಟಿಯಲ್ಲಿದ್ದವು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವಂತಿಲ್ಲ, ಅಲ್ಲಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಓಡಿದವು. ನಮ್ಮ ಗ್ಯಾರೇಜಿನ ಮೇಸ್ತ್ರಿ ಇದ್ದಲ್ಲೇ ಇದ್ದಾನೆ.

ಬಂಡವಾಳದ ತವರುಮನೆಯಾದ ಅಮೆರಿಕದಲ್ಲಿ ಏನಾಗಿದೆ ನೋಡಿರಿ. ಪುಕ್ಕಟೆಯಾಗಿ ಒದಗಿಸದ ಹೊರತು, ಇಂಥ ಕಂಪನಿಯ ಭಾಗವನ್ನೇ ಹಾಕಿಸಬೇಕು, ಇಂಥವರಲ್ಲೇ ಸರ್ವಿಸು ಮಾಡಿಸಬೇಕು ಎಂದು ವಾರಂಟಿಗೆ ಷರತ್ತು ಹಾಕುವುದನ್ನು ೧೯೭೫ರ ಕಾಯ್ದೆಯೊಂದು ಅಲ್ಲಿ ನಿಷೇಧಿಸಿದೆ. ೧೯೮೨ರಲ್ಲಿ ಕನೆಕ್ಟಿಕಟ್ ಸಂಸ್ಥಾನ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಹೊಸ ಕಾರಿನ ಒಂದೇ ದೋಷ ನಾಲ್ಕು ಸಲ ರಿಪೇರಿಯಾದರೂ ಹೋಗದಿದ್ದರೆ, ಅಥವಾ ಒಟ್ಟು ೩೦ ದಿನ ಕಾರು ರಿಪೇರಿಯಲ್ಲೇ ನಿಂತರೆ, ಕಂಪನಿ ಕಾರು ಬದಲಿಸಬೇಕು ಇಲ್ಲವೇ ಹಣ ಹಿಂದಿರುಗಿಸಬೇಕು. ಇಂಥ ಕಾಯ್ದೆಗಳನ್ನು ಅಲ್ಲಿನವರು ‘ನಿಂಬೆಹಣ್ಣಿನ ಕಾಯ್ದೆ’ ಎನ್ನುತ್ತಾರೆ. ಕೆಟ್ಟ ಕಾರಿಗೆ ಅಲ್ಲಿ ನಿಂಬೆಹಣ್ಣೆಂದು ಹೆಸರು. ನಮ್ಮಲ್ಲಿ ನಿಂಬೆಹಣ್ಣು ಚಕ್ರದ ಕೆಳಗೆ ಮಾತ್ರ ಇದೆ. ಸಾಹುಕಾರರ ದೇಶಕ್ಕೆ ಸಾಧ್ಯವಾದದ್ದು ಸಮಾಜವಾದವೆಂಬ ಪದವನ್ನು ಸಂವಿಧಾನದಲ್ಲಿ ಬರೆದುಕೊಂಡ ದೇಶಕ್ಕೆ ಏಕೆ ಸಾಧ್ಯವಿಲ್ಲ? ಕೇಂದ್ರ ಸರ್ಕಾರ ೨೦೨೨ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗೆಗೆ ಒಂದು ಸಮಿತಿ ಮಾಡಿತು, ಡಿಸೆಂಬರ್ ೨೪ರಂದು ಮಾಹಿತಿಯ ತಾಣವೊಂದನ್ನು ತೆರೆಯಿತು. ಮಾಹಿತಿ ಬೇಕು, ಬೇಡವೆನ್ನುವುದಿಲ್ಲ. ಆದರೆ ಮಾಹಿತಿ ಕಾಯ್ದೆಯಲ್ಲ; ಅದನ್ನು ಹಿಡಿದುಕೊಂಡು ಡೀಲರಿನ ಬಾಗಿಲಲ್ಲಿ ನಿಂತರೆ ಯಾರೂ ಹೆದರುವುದಿಲ್ಲ.

ನಾವು ಕೇಳುವುದು ಅತಿಯಾದದ್ದೇನಲ್ಲ. ವಾರಂಟಿಯ ಅವಧಿಯಲ್ಲಿ ಕಾರ್ಖಾನೆಯೂ ಡೀಲರೂ ಜಂಟಿಯಾಗಿ ಹೊಣೆ ಹೊರಬೇಕು. ಅವರಿಬ್ಬರ ಪಾಲಿನ ಲೆಕ್ಕವನ್ನು ಅವರು ಆಮೇಲೆ ತಮ್ಮಲ್ಲಿಯೇ ಮಾಡಿಕೊಳ್ಳಲಿ. ರಿಪೇರಿಗೆ ದಿನಗಳ ಗಡುವು ಬೇಕು, ಗಡುವು ಮೀರಿದರೆ ಬದಲಿ ಗಾಡಿಯನ್ನೋ ದಿನದ ಬಾಡಿಗೆಯನ್ನೋ ಕೊಡಬೇಕು. ಗಾಡಿ ವರ್ಕ್‌ಷಾಪಿನಲ್ಲಿ ನಿಂತಷ್ಟು ದಿನಗಳನ್ನು ವಾರಂಟಿಗೆ ಸೇರಿಸಬೇಕು. ವಾರಂಟಿಯ ಕಾಗದ ಕನ್ನಡದಲ್ಲಿರಬೇಕು. ಬಾಡಿಗೆಯ ಮಾತು ಬಂದಾಗ ಕಂಪನಿಯವರು ದಿವಾಳಿಯಾಗುತ್ತೇವೆಂದು ಅಳಬಹುದು. ಗಾಡಿ ಚೆನ್ನಾಗಿ ಮಾಡಿದವರಿಗೆ ಈ ಖರ್ಚು ಬರುವುದೇ ಇಲ್ಲವಲ್ಲ!

ಅಂಥ ಕಾಯ್ದೆ ಬರುವವರೆಗೆ ಕೈಯಲ್ಲಿರುವ ಆಯುಧವನ್ನು ಬಳಸಬೇಕು. ಗಾಡಿ ಬಿಡುವಾಗ ಪ್ರತಿ ಸಲವೂ ಜಾಬ್ ಕಾರ್ಡು ಬರೆಸಿರಿ, ನೀವು ಹೇಳಿದ ದೋಷವನ್ನು ನಿಮ್ಮ ಮಾತಿನಲ್ಲೇ ಅದರಲ್ಲಿ ಬರೆಯಲು ಒತ್ತಾಯಿಸಿರಿ, ತಾರೀಖು ಮತ್ತು ಮೀಟರು ನೋಡಿ ಪ್ರತಿ ಪಡೆಯಿರಿ. “ಕಾರ್ಡು ಯಾಕೆ ಅಣ್ಣ, ಸುಮ್ನೆ ನೋಡಿ ಕೊಡ್ತೀವಿ” ಎಂದರೆ ಒಪ್ಪಬೇಡಿರಿ. ಕಾರ್ಡಿಲ್ಲದ ದಿನ ನೀವು ಅಲ್ಲಿಗೆ ಹೋಗಿಯೇ ಇರಲಿಲ್ಲವೆಂದು ನಾಳೆ ಹೇಳುವವರು ಅವರೇ. ವಾರಂಟಿ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿರಿ. ಬಾಡಿಗೆ ಗಾಡಿಗೆ ಕೊಟ್ಟ ಹಣದ ರಸೀದಿ ಇಟ್ಟುಕೊಳ್ಳಿರಿ. ಪುಸ್ತಕದಲ್ಲಿ ಏನೇ ಅಚ್ಚಾಗಿರಲಿ, ಆಯೋಗದ ಮುಂದೆ ಅದನ್ನು ಕೇಳಲು ಅಡ್ಡಿಯಿಲ್ಲ.

ಗೂಡ್ಸ್ ಗಾಡಿಯವರಿಗೆ ಕಂಪನಿಯ ವಕೀಲರು ಮೊದಲು ಒಡ್ಡುವ ತಕರಾರು, ಇದು ವ್ಯಾಪಾರದ ಗಾಡಿ, ಇವನು ಗ್ರಾಹಕನೇ ಅಲ್ಲ ಎಂಬುದು. ಹೆದರಬೇಡಿರಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ವಸ್ತುವಿಗೆ ಆ ತಕರಾರು ತಟ್ಟುವುದಿಲ್ಲವೆಂದು ಕಾಯ್ದೆಯೇ ಹೇಳಿದೆ. ಸ್ವತಃ ಓಡಿಸಲು ಲಾರಿ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟು ೧೯೯೫ರಷ್ಟು ಹಿಂದೆಯೇ ವಿವರಿಸಿದೆ. ಗಾಡಿಯನ್ನು ಪೂರ್ತಿ ಬೇರೆಯವರ ಕೈಗೆ ಕೊಟ್ಟು ಓಡಿಸುವವರಿಗೆ ಮಾತ್ರ ಇದು ಕಷ್ಟ. ೫೦ ಲಕ್ಷ ರೂಪಾಯಿಯವರೆಗಿನ ವಸ್ತುವಿನ ದೂರನ್ನು ಜಿಲ್ಲಾ ಆಯೋಗವೇ ಕೇಳುತ್ತದೆ. ೫ ಲಕ್ಷದವರೆಗೆ ಶುಲ್ಕವಿಲ್ಲ, ೧೦ ಲಕ್ಷದವರೆಗೆ ೨೦೦ ರೂಪಾಯಿ. ಡೀಲರು ಎಲ್ಲಿದ್ದರೂ, ಕಂಪನಿ ಯಾವ ಪಟ್ಟಣದಲ್ಲಿದ್ದರೂ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ನೀವೇ ನಿಂತು ಮಾತಾಡಬಹುದು. ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ಆ ಲೆಕ್ಕ ಅಲ್ಲಿ ನಡೆಯುವುದು ಅಪರೂಪ, ಆದರೂ ದೂರಿನಲ್ಲಿ ಆ ಮಾತನ್ನು ನೆನಪಿಸಿ ಬರೆಯಿರಿ. ಮೊದಲ ಹೆಜ್ಜೆಯಾಗಿ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ದೂರಿನ ಸಂಖ್ಯೆ ಪಡೆಯಬಹುದು. ದೂರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗದ ಮೆಟ್ಟಿಲು ಹತ್ತಬೇಕು. ವರ್ಕ್‌ಷಾಪಿನವರು ಹೇಳುವ ‘ಮುಂದಿನ ವಾರ’ಗಳೂ ಆ ಎರಡು ವರ್ಷದ ಲೆಕ್ಕದಲ್ಲೇ ಕಳೆಯುತ್ತಿರುತ್ತವೆ.